ತೆರೆದ ಕಾರ್ಡು, ಯಾರ ಮಾತು?

ಪೋಸ್ಟ್ ಕಾರ್ಡಿಗೆ ಲಕೋಟೆ ಇಲ್ಲ, ಅಂಟಿಲ್ಲ, ಅರಗಿನ ಮುದ್ರೆಯಿಲ್ಲ. ಬರೆದವರ ಕೈಬಿಟ್ಟು ಮುಟ್ಟಬೇಕಾದವರ ಕೈಗೆ ಸೇರುವ ತನಕ ಯಾರು ಬೇಕಾದರೂ ಅದನ್ನು ಓದಬಹುದು. ಅಂಚೆಯವನು ಓದುತ್ತಿದ್ದ, ಅವನಿಂದ ಇಸಿದುಕೊಂಡ ನೆರೆಯವರು ಓದುತ್ತಿದ್ದರು, ಓದು ಬಾರದ ಮನೆಯಲ್ಲಿ ಶಾಲೆಯ ಮಾಸ್ತರು ಗಟ್ಟಿಯಾಗಿಯೇ ಓದಿ ಹೇಳುತ್ತಿದ್ದರು. ಇಷ್ಟು ಬಯಲಾದ ಒಂದು ಕಾಗದದ ತುಂಡಿಗೆ ಗುಟ್ಟೆಂಬುದು ಇರಲು ಸಾಧ್ಯವೇ? ಇರಲಾರದೆಂದೇ ತೋರುತ್ತದೆ. ಆದರೂ ಇಂದು ಹಳೆಯ ಕಾರ್ಡೊಂದರ ಚಿತ್ರ ಮೊಬೈಲಿನಿಂದ ಮೊಬೈಲಿಗೆ ಹಾರತೊಡಗಿದರೆ ಮನೆಮನೆಗಳಲ್ಲಿ ಸಣ್ಣದೊಂದು ಮುನಿಸು ಹುಟ್ಟಿಕೊಳ್ಳುತ್ತದೆ.

ಕಲಬುರಗಿ, ಕಮಲಾಪುರ, ನಂದೂರ ಈ ಸುತ್ತಿನ ಹಳೆಯ ಮನೆಗಳಲ್ಲಿ ಪಡಸಾಲೆಯ ಗೋಡೆಗೆ ಒಂದು ತಂತಿಯ ಕೊಕ್ಕೆ ತೂಗುತ್ತಿತ್ತು. ಬಂದ ಕಾರ್ಡನ್ನು ಓದಿ ಅದಕ್ಕೆ ಚುಚ್ಚಿಬಿಟ್ಟರೆ ಕೆಲಸ ಮುಗಿಯಿತು. ವರ್ಷಗಳ ಕಾಲದ ಕ್ಷೇಮ ಸಮಾಚಾರ, ಬೆಳೆಯ ಸುದ್ದಿ, ಸಾಲದ ನೆನಪು, ಹೆಣ್ಣು ನೋಡಲು ಬರುವ ದಿನ ಎಲ್ಲವೂ ಒಂದರ ಮೇಲೊಂದು ಕುಳಿತಿರುತ್ತಿದ್ದವು. ಮನೆ ಪಾಲಾಗುವಾಗಲೋ ಕೆಡವುವಾಗಲೋ ಈ ಕಟ್ಟು ಮೊಮ್ಮಕ್ಕಳ ಕೈಗೆ ಬೀಳುತ್ತದೆ. ಅಜ್ಜಿಯ ಹೆಸರಿಗೆ ಬಂದ ಕಾರ್ಡಿನ ಚಿತ್ರ ತೆಗೆದು ಮನೆಯವರ ವಾಟ್ಸಾಪ್ ಗುಂಪಿಗೆ ಹಾಕುತ್ತಾರೆ. ಅಲ್ಲಿಂದ ಅದು ಫೇಸ್‌ಬುಕ್ಕಿಗೆ ಹೋಗುತ್ತದೆ. ಅಕ್ಷರ ಮುತ್ತಿನಂತಿದೆ ಎಂದು ಊರವರು ಹೊಗಳುತ್ತಿರುವಾಗಲೇ ಮನೆಯ ಹಿರಿಯರೊಬ್ಬರು, “ಅವ್ವನ ಕಾರ್ಡು ಊರಿಗೆಲ್ಲ ಯಾಕ ತೋರಿಸಿದಿ?” ಎಂದು ಕೇಳುತ್ತಾರೆ. ಗೋಡೆಗೆ ತೂಗಿದ್ದಾಗ ಬಂದವರೆಲ್ಲ ಓದಬಹುದಾಗಿದ್ದ ಕಾರ್ಡು ಈಗ ಯಾಕೆ ಮುಚ್ಚಿಡಬೇಕಾದ ವಸ್ತುವಾಯಿತು? ಈ ಪ್ರಶ್ನೆ ಹೊಸದಲ್ಲ. ಅದಕ್ಕೆ ಕಾರ್ಡಿನಷ್ಟೇ ವಯಸ್ಸು. ಪತ್ರದ ಲೆಕ್ಕದಲ್ಲಿ ನೋಡಿದರೆ ಇನ್ನೂ ಹೆಚ್ಚು.

1865ರಲ್ಲಿ ಪ್ರಷ್ಯದ ಅಂಚೆ ಅಧಿಕಾರಿ ಹೈನ್ರಿಕ್ ಫಾನ್ ಸ್ಟೀಫನ್ ತೆರೆದ ಕಾರ್ಡಿನ ಯೋಜನೆಯೊಂದನ್ನು ಮುಂದಿಟ್ಟಾಗ ಅದಕ್ಕೆ ಒಪ್ಪಿಗೆ ಸಿಗಲಿಲ್ಲ. ಮಾತು ಬಯಲಾಗುತ್ತದೆಂಬ ಅಳುಕೂ ಆಗ ಇತ್ತು. ನಾಲ್ಕು ವರ್ಷಗಳ ಬಳಿಕ ಅರ್ಥಶಾಸ್ತ್ರಜ್ಞ ಎಮಾನ್ಯುಯೆಲ್ ಹೆರ್ಮನ್ ಅವರ ಸಲಹೆಯಂತೆ ಆಸ್ಟ್ರಿಯ-ಹಂಗೇರಿ 1869ರ ಅಕ್ಟೋಬರ್ 1ರಂದು ಜಗತ್ತಿನ ಮೊದಲ ಅಂಚೆ ಕಾರ್ಡನ್ನು ಮಾರಾಟಕ್ಕೆ ತಂದಿತು. ಮೂರೇ ತಿಂಗಳಲ್ಲಿ ಸುಮಾರು 30 ಲಕ್ಷ ಕಾರ್ಡು ಖರ್ಚಾದವು. ಅಗ್ಗದ ಮುಂದೆ ಅಳುಕು ನಿಲ್ಲಲಿಲ್ಲ. ಭಾರತಕ್ಕೆ ಕಾರ್ಡು ಬಂದದ್ದು 1879ರ ಜುಲೈ 1ರಂದು; ಬೆಲೆ ಕಾಲಾಣೆ. ಎರಡು ಸಾಲು ಬರೆಯಬೇಕಾದ ಬಡವನಿಗೆ ಅದಕ್ಕಿಂತ ಅನುಕೂಲದ ವಸ್ತು ಬೇರೊಂದಿರಲಿಲ್ಲ.

ಕಲಬುರಗಿ ಆಗ ನಿಜಾಮರ ಸೀಮೆ. ಹೈದರಾಬಾದ್ ಸಂಸ್ಥಾನಕ್ಕೆ ತನ್ನದೇ ಅಂಚೆ, ತನ್ನದೇ ಅಂಚೆಚೀಟಿ ಇದ್ದವು. ಅದರೊಟ್ಟಿಗೆ ಬ್ರಿಟಿಷ್ ಅಂಚೆಯೂ ನಡೆಯುತ್ತಿತ್ತು. ಎರಡೂ ಒಂದಾದದ್ದು 1950ರಲ್ಲಿ. ಮುಂಬಯಿ-ರಾಯಚೂರು ರೈಲು ಹಳಿ 1871ರ ಹೊತ್ತಿಗೆ ಈ ಸೀಮೆಯನ್ನು ಹಾದು ಹೋದ ಮೇಲೆ ಇಲ್ಲಿಯ ಜನ ಸೊಲ್ಲಾಪುರದ ಗಿರಣಿಗಳಿಗೆ, ಮುಂಬಯಿಗೆ ದುಡಿಯಲು ಹೋಗುವುದು ಸುಲಭವಾಯಿತು. ಹೋದವರ ಸುದ್ದಿಯನ್ನು ಮನೆಗೆ ತಂದದ್ದು ಕಾರ್ಡು. ಅದರ ಒಕ್ಕಣೆಯೂ ಒಂದು ಅಚ್ಚಿನಲ್ಲಿ ಎರಕವಾಯಿತು: ಮೇಲೆ ‘ಶ್ರೀ’, ಬಲಕ್ಕೆ ಊರು ಮತ್ತು ತಾರೀಖು, ಹಿರಿಯರಿಗೆ ಸಾಷ್ಟಾಂಗ ನಮಸ್ಕಾರ, ಕಿರಿಯರಿಗೆ ಆಶೀರ್ವಾದ, ‘ನಾವೆಲ್ಲ ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯುತ್ತಿರಬೇಕು’. ಆಮೇಲೆ ಉಳಿದ ಅಂಗೈಯಗಲ ಜಾಗದಲ್ಲಿ ನಿಜವಾದ ವಿಷಯ.

ಈ ಒಕ್ಕಣೆಯನ್ನು ಬರಿಯ ಶಿಷ್ಟಾಚಾರವೆಂದು ತಳ್ಳಿಹಾಕುವಂತಿಲ್ಲ. ಕಾರ್ಡನ್ನು ಹತ್ತು ಜನ ಓದುತ್ತಾರೆಂದು ಬರೆಯುವವರಿಗೆ ಚೆನ್ನಾಗಿ ಗೊತ್ತಿತ್ತು, ಗೊತ್ತಿದ್ದೇ ಬರೆಯುತ್ತಿದ್ದರು. ಗಂಡನ ಮನೆಯಿಂದ ತವರಿಗೆ ಕಾರ್ಡು ಬರೆಯುವ ಸೊಸೆಯನ್ನು ನೆನೆಯಿರಿ. ಅವಳಿಗೆ ಅಕ್ಷರ ಬಾರದಿದ್ದರೆ ಬರೆದುಕೊಡುವವನು ಮೈದುನ. ಬಂದರೂ ಕಾರ್ಡು ಅಂಚೆಪೆಟ್ಟಿಗೆಗೆ ಬೀಳುವ ಮುನ್ನ ಮಾವನ ಕಣ್ಣಿಗೆ ಬೀಳುತ್ತಿತ್ತು. ಅಲ್ಲಿ ದುಃಖವನ್ನು ನೇರ ಬರೆಯುವಂತಿರಲಿಲ್ಲ. ‘ತಮ್ಮನನ್ನು ಪಂಚಮಿಗೆ ಕರೆಯಲು ತಪ್ಪದೆ ಕಳಿಸಿರಿ’ ಎಂಬ ಸಾಲಿನ ‘ತಪ್ಪದೆ’ ಎಂಬ ಒಂದು ಶಬ್ದದಲ್ಲಿ ತಾಯಿಗೆ ತಿಳಿಯಬೇಕಾದದ್ದು ತಿಳಿಯುತ್ತಿತ್ತು. ಅಂದರೆ ಕಾರ್ಡಿನ ಗುಟ್ಟು ಅಂಟಿನಲ್ಲಿರಲಿಲ್ಲ, ಭಾಷೆಯಲ್ಲಿತ್ತು. ಎಲ್ಲರೂ ಓದಬಹುದು, ಒಬ್ಬರಿಗೆ ಮಾತ್ರ ತಿಳಿಯಬೇಕು ಎಂಬ ಜಾಣತನದಿಂದ ಬರೆದ ಇಂಥ ಕಾರ್ಡನ್ನು 50 ವರ್ಷಗಳ ನಂತರ ಮಗಳೋ ಮೊಮ್ಮಗಳೋ ಜಾಲತಾಣಕ್ಕೆ ಹಾಕಿ, ‘ಅಜ್ಜಿ ಎಷ್ಟು ಕಷ್ಟಪಟ್ಟಿದ್ದಳು ನೋಡಿ’ ಎಂದು ಕೆಳಗೆ ವಿವರಣೆ ಬರೆದರೆ ಆಗ ಬಯಲಾಗುವುದು ಕಾರ್ಡಲ್ಲ, ಅಜ್ಜಿ ಮುಚ್ಚಿಟ್ಟಿದ್ದ ಅರ್ಥ. ಮನೆಯ ಹಿರಿಯರ ಮುನಿಸಿನ ಬೇರು ಇಲ್ಲಿದೆಯೆಂದು ತೋರುತ್ತದೆ. ಪಡಸಾಲೆಯಲ್ಲಿ ಓದಿದವರಿಗೆ ಒಂದು ಮರ್ಯಾದೆ ಇತ್ತು: ಓದಿಯೂ ಓದದಂತೆ ಇರುತ್ತಿದ್ದರು. ದೂರದ ಊರಿನ ಅಪರಿಚಿತರಿಂದ ಆ ಮರ್ಯಾದೆಯನ್ನು ನಿರೀಕ್ಷಿಸಲಾಗದು.

ಕಲಬುರಗಿ ಸೀಮೆಗೆ ಇನ್ನೊಂದು ತೊಡಕೂ ಇದೆ. ನಿಜಾಮರ ಆಳ್ವಿಕೆಯಲ್ಲಿ ಕಚೇರಿಯ ಭಾಷೆ ಉರ್ದು, ಮೇಲಿನ ತರಗತಿಗಳ ಕಲಿಕೆಯೂ ಉರ್ದುವಿನಲ್ಲೇ. 1918ರಲ್ಲಿ ಹುಟ್ಟಿದ ಉಸ್ಮಾನಿಯಾ ವಿಶ್ವವಿದ್ಯಾಲಯ ಕೂಡ ಉರ್ದು ಮಾಧ್ಯಮದ್ದೇ. ಮನೆಯಲ್ಲಿ ಕನ್ನಡ ಆಡುತ್ತಿದ್ದ ಎಷ್ಟೋ ಹಿರಿಯರು ಕಾಗದ ಬರೆಯುವಾಗ ಉರ್ದುವಿಗೆ ಕೈಹಾಕುತ್ತಿದ್ದರು. ಅಜ್ಜನ ಆ ಕಾರ್ಡು ಕನ್ನಡ ಶಾಲೆಯಲ್ಲಿ ಕಲಿತ ಮೊಮ್ಮಗನಿಗೆ ಬರಿಯ ಗೆರೆಗಳ ಚಿತ್ತಾರ. ‘ಇದರಲ್ಲಿ ಏನಿದೆ, ಬಲ್ಲವರು ಓದಿ ಹೇಳಿ’ ಎಂದು ಅವನು ಚಿತ್ರ ಹಾಕುತ್ತಾನೆ. ಬೇರೆ ದಾರಿಯೂ ಅವನಿಗಿಲ್ಲ. ಅದು ಸಾಲದ ಪತ್ರವೋ ಮನೆಜಗಳದ ಕತೆಯೋ ಎಂಬುದು ಮನೆಯವರಿಗಿಂತ ಮೊದಲು ಯಾರೋ ಪರವೂರಿನವರಿಗೆ ತಿಳಿಯುತ್ತದೆ. ಉರ್ದು ಬಲ್ಲ ನೆರೆಯವರೊಬ್ಬರ ಮನೆಗೆ ಕಾರ್ಡು ಹಿಡಿದುಕೊಂಡು ಹೋಗುವ ಹಳೆಯ ಪದ್ಧತಿ ನಿಧಾನದ್ದಾದರೂ ಈ ಮಟ್ಟಿಗೆ ಮೇಲು.

ಒಬ್ಬರಿಗೆ ಬರೆದ ಪತ್ರವನ್ನು ಹಲವರಿಗೆ ತೋರಿಸುವ ಸಂಪ್ರದಾಯ ಮಾತ್ರ ಈ ನೆಲದಲ್ಲಿ ಬಲು ಹಳೆಯದು. ಬಹಮನಿ ಸುಲ್ತಾನ ಫಿರೋಜ್ ಷಾನ ಕಾಲದಲ್ಲಿ ಕಲಬುರಗಿಗೆ ಬಂದು ನೆಲೆಸಿ 1422ರಲ್ಲಿ ತೀರಿಕೊಂಡ ಖ್ವಾಜಾ ಬಂದೇ ನವಾಜ್ ಗೇಸೂದರಾಜರು ಶಿಷ್ಯರಿಗೆ ಬರೆದ ಪತ್ರಗಳನ್ನು ಶಿಷ್ಯರು ‘ಮಕ್ತೂಬಾತ್’ ಎಂದು ಒಟ್ಟುಗೂಡಿಸಿದರು. ಸೂಫಿಗಳಲ್ಲಿ ಗುರುವಿನ ಪತ್ರವನ್ನು ನಕಲು ಮಾಡಿ ಹಂಚಿಕೊಳ್ಳುವುದು ತಪ್ಪಲ್ಲ, ಅದೊಂದು ಪುಣ್ಯದ ಕೆಲಸ. ಬರೆಯುವ ಗುರುವಿಗೂ ಅದು ತಿಳಿದೇ ಇರುತ್ತಿತ್ತು.

ಬಹಮನಿ ಮಂತ್ರಿ ಮಹಮೂದ್ ಗವಾನನ ಕತೆ ಇದಕ್ಕಿಂತ ಕಟುವಾದದ್ದು. ಕಲಬುರಗಿಯಿಂದ ಕಮಲಾಪುರದ ಮೇಲೆ ಹುಮನಾಬಾದ್ ದಾಟಿ ಹೋದರೆ ಸಿಗುವ ಬೀದರಿನಲ್ಲಿ ಅವನು 1472ರಲ್ಲಿ ಕಟ್ಟಿಸಿದ ಮದರಸಾ ಅರೆ ಮುರಿದು ಇಂದಿಗೂ ನಿಂತಿದೆ. ಪತ್ರ ಬರೆಯುವ ಕಲೆಯ ಬಗ್ಗೆ ಅವನು ‘ಮನಾಜಿರುಲ್ ಇನ್ಶಾ’ ಎಂಬ ಗ್ರಂಥವನ್ನೇ ಬರೆದ. ತಾನು ಬರೆದ ಪತ್ರಗಳನ್ನು ‘ರಿಯಾಜುಲ್ ಇನ್ಶಾ’ ಎಂಬ ಹೆಸರಿನಲ್ಲಿ ತಾನೇ ಸಂಗ್ರಹಿಸಿದ. ರಾಜರಿಗೆ, ವಿದ್ವಾಂಸರಿಗೆ ಬರೆದವುಗಳ ಜೊತೆಗೆ ಮಕ್ಕಳಿಗೆ ಬುದ್ಧಿ ಹೇಳಿದ ಪತ್ರಗಳೂ ಅದರಲ್ಲಿವೆ. ಬೈಸಿಕೊಂಡ ಮಗನ ಒಪ್ಪಿಗೆ ಕೇಳಿದ್ದನೋ ಇಲ್ಲವೋ! ಇಂಥವನ ಕೊನೆಯೂ ಪತ್ರದಿಂದಲೇ ಆಯಿತು. ವಿರೋಧಿಗಳು ಅವನ ಮುದ್ರೆ ಕಾಯುವವನಿಗೆ ಹೆಂಡ ಕುಡಿಸಿ ಖಾಲಿ ಹಾಳೆಯ ಮೇಲೆ ಮುದ್ರೆ ಒತ್ತಿಸಿಕೊಂಡರು. ಒಡಿಶಾದ ಅರಸನನ್ನು ದಂಡೆತ್ತಿ ಬರುವಂತೆ ಕರೆಯುವ ಸುಳ್ಳು ಪತ್ರವನ್ನು ಅದರ ಮೇಲೆ ಬರೆದು ಸುಲ್ತಾನನಿಗೆ ತೋರಿಸಿದರು ಎಂದು ಇತಿಹಾಸಕಾರ ಫೆರಿಷ್ತಾ ಹೇಳುತ್ತಾನೆ. ಮುದ್ರೆ ತನ್ನದು, ಬರಹ ತನ್ನದಲ್ಲ ಎಂದ ಮುದಿ ಮಂತ್ರಿಯ ಮಾತಿಗೆ ಬೆಲೆ ಬರಲಿಲ್ಲ. 1481ರಲ್ಲಿ ಅವನ ತಲೆ ಹೋಯಿತು. ಮೂರನೆಯವರ ಕೈಗೆ ಬಿದ್ದ ಪತ್ರ ಏನು ಮಾಡಬಲ್ಲದೆಂಬುದಕ್ಕೆ ಕನ್ನಡ ನಾಡಿನ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ನಿದರ್ಶನ ಸಿಗುವುದು ಕಷ್ಟ.

ಹಾಗಾದರೆ ಪತ್ರ ಯಾರದು? ಬರೆದವರದೋ, ಪಡೆದವರದೋ? ಈ ವ್ಯಾಜ್ಯ ಇಂಗ್ಲೆಂಡಿನ ನ್ಯಾಯಾಲಯದಲ್ಲಿ 1741ರಲ್ಲೇ ತೀರ್ಮಾನವಾಯಿತು. ಕವಿ ಅಲೆಕ್ಸಾಂಡರ್ ಪೋಪ್ ತನ್ನ ಪತ್ರಗಳನ್ನು ಅಚ್ಚು ಹಾಕಿದ ಪುಸ್ತಕ ವ್ಯಾಪಾರಿ ಎಡ್ಮಂಡ್ ಕರ್ಲ್‌ನ ಮೇಲೆ ದಾವೆ ಹೂಡಿದ. ನ್ಯಾಯಾಧೀಶ ಲಾರ್ಡ್ ಹಾರ್ಡ್‌ವಿಕ್ ಕೊಟ್ಟ ತೀರ್ಪಿನ ಸಾರವಿಷ್ಟು: ಪಡೆದವರಿಗೆ ಸೇರಿದ್ದು ಕಾಗದ ಮಾತ್ರ, ಅದರ ಮೇಲಿನ ಮಾತನ್ನು ಪ್ರಕಟಿಸುವ ಹಕ್ಕು ಬರೆದವನದೇ. ತಮಾಷೆಯೆಂದರೆ, ಅದಕ್ಕೆ ಕೆಲವು ವರ್ಷ ಮುಂಚೆ ತನ್ನ ಪತ್ರಗಳು ಅದೇ ಕರ್ಲ್‌ನ ಕೈಗೆ ಸಿಗುವಂತೆ ಒಳಗಿಂದೊಳಗೆ ಹೂಟ ಹೂಡಿದ್ದವನೂ ಪೋಪನೇ! ಭಾರತದ 1957ರ ಕೃತಿಸ್ವಾಮ್ಯ ಕಾಯಿದೆ ನಡೆಯುವುದೂ ಸುಮಾರಾಗಿ ಇದೇ ಹಾದಿಯಲ್ಲಿ. ಬರೆದವರು ತೀರಿಕೊಂಡರೂ ಹಕ್ಕು ವಾರಸುದಾರರಿಗೆ ಉಳಿಯುತ್ತದೆ. ಪತ್ರ ಬರೆದವರಿಗೆಲ್ಲ ತಪ್ಪದೆ ಉತ್ತರಿಸುತ್ತಿದ್ದ ಶಿವರಾಮ ಕಾರಂತರಂಥ ದೊಡ್ಡವರ ಕಾರ್ಡುಗಳನ್ನು ಅಭಿಮಾನಿಗಳು ಹೆಮ್ಮೆಯಿಂದ ಪ್ರದರ್ಶಿಸುವಾಗ ಯಾರೂ ಈ ಕಾಯಿದೆಯನ್ನು ನೆನೆಯುವುದಿಲ್ಲ. ನೆನೆಯಬೇಕೆಂಬ ಹಟವೂ ಬೇಡ. ಆದರೆ ಆ ಕಾರ್ಡಿನಲ್ಲಿ ಮತ್ತೊಬ್ಬ ಲೇಖಕನ ಬಗ್ಗೆ ಒಂದು ಖಾರದ ಮಾತಿದ್ದರೆ ಸಂಗತಿ ಬೇರೆಯೇ ಆಗುತ್ತದೆ. ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಸಾರಿದ ಮೊಕದ್ದಮೆಯ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಅಜ್ಜಿಯ ಕಾರ್ಡಿಗಾಗಿ ಮಾತ್ರ ಯಾರೂ ಕೋರ್ಟಿನ ಮೆಟ್ಟಿಲು ಹತ್ತುವುದಿಲ್ಲ.

ಕಾರ್ಡು ಮನೆಯಾಚೆ ಸಂತೋಷದಿಂದಲೇ ಬಯಲಾಗುತ್ತಿದ್ದ ಸಂದರ್ಭಗಳೂ ಇದ್ದವು. ಕಲಬುರಗಿ ಆಕಾಶವಾಣಿ 1966ರಲ್ಲಿ ಶುರುವಾದ ಮೇಲೆ ಈ ಭಾಗದ ಹಳ್ಳಿಗಳಿಂದ ಅಲ್ಲಿಗೆ ಕಾರ್ಡು ಹರಿದವು. ಬಾನುಲಿಯಲ್ಲಿ ತಮ್ಮ ಹೆಸರು, ಊರಿನ ಹೆಸರು ಕೇಳಿಬರಲೆಂದೇ ಕೇಳುಗರು 15 ಪೈಸೆ ಖರ್ಚು ಮಾಡಿ ಬರೆಯುತ್ತಿದ್ದರು. ಪತ್ರಿಕೆಗಳ ಓದುಗರ ಅಂಕಣಕ್ಕೆ ಬರೆದವರದೂ ಇದೇ ಆಸೆ. ದೂರದರ್ಶನದ ‘ಸುರಭಿ’ಗೆ ಬಂದ ಕಾರ್ಡುಗಳ ಹೊರೆ ತಾಳಲಾರದೆ ಅಂಚೆ ಇಲಾಖೆ ಸ್ಪರ್ಧೆಗಳಿಗೆಂದೇ ಹೆಚ್ಚು ಬೆಲೆಯ ಕಾರ್ಡು ತಂದದ್ದು ಹಲವರಿಗೆ ನೆನಪಿರಬಹುದು. ಓದಿಸಿಕೊಳ್ಳಲೆಂದೇ ಬರೆದ ಕಾರ್ಡು, ಒಬ್ಬರೇ ಓದಲೆಂದು ಬರೆದ ಕಾರ್ಡು ಎರಡೂ ಒಂದೇ ಹಳದಿ ಬಣ್ಣದವು, ಒಂದೇ ಬೆಲೆಯವು. ಯಾವುದು ಯಾವುದೆಂದು ತಿಳಿಯುವುದು ನೋಡುವವರ ವಿವೇಕಕ್ಕೆ ಬಿಟ್ಟದ್ದು.

ಈಗ ಅಪರಿಚಿತರೊಡನೆ ಕಾರ್ಡು ವಿನಿಮಯ ಮಾಡುವ ಹವ್ಯಾಸವೊಂದು ಬೆಳೆದಿದೆ. ಪೋರ್ಚುಗಲ್ಲಿನ ಪಾಲೊ ಮಗಲ್ಯಾಯಿಷ್ 2005ರಲ್ಲಿ ಆರಂಭಿಸಿದ ‘ಪೋಸ್ಟ್‌ಕ್ರಾಸಿಂಗ್’ ಇದಕ್ಕೆ ಹೆಸರಾದದ್ದು. ಭಾರತದಲ್ಲೂ ಅದರ ಸದಸ್ಯರಿದ್ದಾರೆ. ಬಂದ ಕಾರ್ಡಿನ ಚಿತ್ರ ಹಾಕುವುದು ಅಲ್ಲಿ ಕೃತಜ್ಞತೆಯ ಒಂದು ರೀತಿ. ಚಿತ್ರವಿರುವ ಬದಿಯನ್ನು ಮಾತ್ರ ತೋರಿಸಬೇಕು, ಬರಹವನ್ನೂ ವಿಳಾಸವನ್ನೂ ಮುಚ್ಚಬೇಕು, ಕಾರ್ಡು ಮುಟ್ಟುವ ಮೊದಲೇ ಕಳಿಸಿದವರು ಅದರ ಚಿತ್ರ ಹಾಕಿ ಪಡೆಯುವವರ ಕುತೂಹಲ ಕೆಡಿಸಬಾರದು ಎಂಬಂಥ ಮರ್ಯಾದೆಗಳನ್ನು ಹವ್ಯಾಸಿಗಳು ಪಾಲಿಸುತ್ತಾರೆ. ವಿಳಾಸದ ಎಚ್ಚರ ಸುಮ್ಮನೆ ಅಲ್ಲ. 1972ರಲ್ಲಿ ಬಂದ ಆರು ಅಂಕಿಯ ಪಿನ್ ಕೋಡಿನಲ್ಲಿ 585 ಎಂದು ಕಂಡೊಡನೆ ಕಲಬುರಗಿ ಕಡೆಯದೆಂದು ಯಾರಾದರೂ ಹೇಳಬಲ್ಲರು. ಮನೆ ಸಂಖ್ಯೆಯೂ ಕಂಡರೆ ಬಾಗಿಲಿಗೇ ಬರಬಹುದು. ಒಂದು ವಿಚಿತ್ರ ನೋಡಿ: ಬ್ರಿಟನ್ನಿನಲ್ಲಿ 1902ರ ತನಕ ಕಾರ್ಡಿನ ಒಂದು ಬದಿ ಪೂರ್ತಿ ವಿಳಾಸಕ್ಕೇ ಮೀಸಲು. ಬರೆಯುವ ಮಾತೆಲ್ಲ ಚಿತ್ರದ ಅಂಚಿನಲ್ಲೇ ತುರುಕಬೇಕಾಗಿತ್ತು. ಚಿತ್ರದ ಬದಿ ತೋರಿಸಿದರೆ ಗುಟ್ಟು ಉಳಿಯಿತೆಂಬ ಇಂದಿನ ನಿಯಮ ಆ ಕಾಲದ ಕಾರ್ಡಿಗೆ ತಲೆಕೆಳಗು.

ನಮ್ಮ ಹಳದಿ ಕಾರ್ಡಿಗಂತೂ ಚಿತ್ರದ ಬದಿಯೇ ಇಲ್ಲ. ಎರಡೂ ಕಡೆ ಮಾತೇ. ಹಾಗಾಗಿ ಮುಚ್ಚುವುದೇನು, ತೋರಿಸುವುದೇನು ಎಂಬುದನ್ನು ಮನೆಯವರೇ ಕುಳಿತು ತೀರ್ಮಾನಿಸಬೇಕು. ಕೆಲವರು ಬರೆದವರ ಮಕ್ಕಳಿಗೆ ಫೋನು ಮಾಡಿ ಕೇಳುತ್ತಾರೆ. ಕೆಲವರು ಒಕ್ಕಣೆಯ ಮೇಲಿನ ಎರಡು ಸಾಲು, ಸಹಿ, ಅಂಚೆಯ ಠಸ್ಸೆ ಇಷ್ಟನ್ನೇ ತೋರಿಸಿ ಸುಮ್ಮನಾಗುತ್ತಾರೆ. ನಾಲ್ಕು ಮೂಲೆಗೆ ಅರಿಶಿನ ಹಚ್ಚಿದ ಮದುವೆಯ ಕಾರ್ಡಿಗೆ ಯಾರ ತಕರಾರೂ ಬರುವುದಿಲ್ಲ. ಅದು ಹತ್ತು ಜನರಿಗೆ ತೋರಿಸಲೆಂದೇ ಬಂದದ್ದು. ಸಾವಿನ ಸುದ್ದಿ ತರುವ ಕಾರ್ಡಿಗೆ ಮೂಲೆ ಹರಿದಿರುತ್ತಿತ್ತು. ಅದನ್ನು ಹೊಸ್ತಿಲ ಹೊರಗೇ ಓದಿ, ಅಲ್ಲೇ ಚೂರು ಮಾಡಿ ಎಸೆದು, ಆಮೇಲೆ ಸ್ನಾನ. ಕೊಕ್ಕೆಗೆ ಅದು ಏರುತ್ತಲೇ ಇರಲಿಲ್ಲ. ಇಂದು ಮೊಬೈಲುಗಳಲ್ಲಿ ಓಡಾಡುವ ಹಳೆಯ ಕಾರ್ಡುಗಳ ರಾಶಿಯಲ್ಲಿ ಹುಡುಕಿದರೂ ಮೂಲೆ ಹರಿದ ಕಾರ್ಡು ಸಿಗುವುದು ಅಪರೂಪ.