ಸಾಂಬ್ರಾ–ದಾಬೋಲಿಂ: 100 ಕಿ.ಮೀ. ದೂರ, ನಡುವೆ ಮುಚ್ಚಿದ ಗಡಿ

ನಮ್ಮ ಸೀಮೆ ಇತಿಹಾಸ | ಭಾಗ 4 ✈️

ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ: ನಮ್ಮ ನಾಲ್ಕೂ ಕಡೆಯಿಂದ ವಿಮಾನ ಹತ್ತಬೇಕಂದ್ರೆ ಹುಬ್ಬಳ್ಳಿಗೆ ಹೋಗಬೇಕು, ಇಲ್ಲಾ ಬೆಳಗಾವಿಯ ಸಾಂಬ್ರಾ, ಇಲ್ಲಾ ಗೋವಾದ ದಾಬೋಲಿಂ. ಇವತ್ತು ಕೊನೆಯ ಎರಡರ ಕಥೆ.

1️⃣ ಮೊದಲು ಲೆಕ್ಕ ನೋಡ್ರಿ. ಸಾಂಬ್ರಾದಿಂದ ದಾಬೋಲಿಂಗೆ ಆಕಾಶದಲ್ಲಿ ನೇರ ಗೆರೆ ಎಳೆದರೆ ಸುಮಾರು 100 ಕಿ.ಮೀ. ಗಂಟೆಗೆ 500 ಕಿ.ಮೀ. ಹೋಗುವ ವಿಮಾನಕ್ಕೆ 12 ನಿಮಿಷದ ದಾರಿ. ಏರೋದು, ಇಳಿಯೋದು ಸೇರಿಸಿದ್ರೂ ಅರ್ಧ ತಾಸು. ಘಾಟ್ ಇಳಿದು ರಸ್ತೆಯಲ್ಲಿ ಹೋಗೋರಿಗೆ ಮಾತ್ರ ಮೂರ್ನಾಲ್ಕು ತಾಸು.

2️⃣ ಸಾಂಬ್ರಾ ಕಟ್ಟಿದ್ದು 1942ರಲ್ಲಿ, ಎರಡನೇ ಮಹಾಯುದ್ಧದ ಹೊತ್ತಿಗೆ, ಬ್ರಿಟಿಷರ ರಾಯಲ್ ಏರ್ ಫೋರ್ಸ್. ದಾಬೋಲಿಂ ಶುರುವಾಗಿದ್ದು 1955ರಲ್ಲಿ, ಪೋರ್ಚುಗೀಸರಿಂದ. ನಮಗೆ ಸ್ವಾತಂತ್ರ್ಯ ಬಂದು ಎಂಟು ವರ್ಷ ಆಗಿದ್ರೂ ಅವರು ಗೋವಾ ಬಿಟ್ಟಿರಲಿಲ್ಲ. ಅದೇ ವರ್ಷ ಆಗಸ್ಟ್ 15ರಂದು ಗೋವಾದೊಳಗೆ ನಡೆದು ಹೋದ ಸತ್ಯಾಗ್ರಹಿಗಳ ಮೇಲೆ ಗುಂಡು ಹಾರಿಸಿದರು. ಭಾರತ ಗಡಿ ಮುಚ್ಚಿತು.

3️⃣ ಇದರ ಬಿಸಿ ನಮ್ಮ ಜೋಯಿಡಾ ತಾಲ್ಲೂಕಿನ ಕ್ಯಾಸಲ್ ರಾಕ್‌ಗೂ ತಟ್ಟಿತು. 1888ರಿಂದ ಮುರ್ಮುಗಾವ್ ಬಂದರಿನ ರೈಲು ಇದೇ ಸ್ಟೇಷನ್ ದಾಟಿ ಲೋಂಡಾ ಕಡೆ ಬರುತ್ತಿತ್ತು. ಈ ಕಡೆ ಕ್ಯಾಸಲ್ ರಾಕ್‌ನಲ್ಲಿ ಸುಂಕದ ತಪಾಸಣೆ, ಆ ಕಡೆ ಕುಳೆಂನಲ್ಲಿ ಪೋರ್ಚುಗೀಸರದ್ದು. 1955ರಲ್ಲಿ ಗಡಿ ದಾಟುವ ರೈಲೇ ನಿಂತುಹೋಯ್ತು.

ಈಗ ತಮಾಷೆ ನೋಡ್ರಿ: ದಾಬೋಲಿಂನಿಂದ ಪೋರ್ಚುಗೀಸರ ವಿಮಾನ ಕಂಪನಿ 1,200 ಕಿ.ಮೀ.ಗಿಂತ ದೂರದ ಕರಾಚಿಗೆ ಹಾರುತ್ತಿತ್ತು. 100 ಕಿ.ಮೀ. ದೂರದ ಬೆಳಗಾವಿಗೆ ದಾರಿ ಇರಲಿಲ್ಲ!

4️⃣ 1961, ಡಿಸೆಂಬರ್ 18. ಭಾರತದ ಕ್ಯಾನ್‌ಬೆರಾ ವಿಮಾನಗಳು ದಾಬೋಲಿಂ ರನ್‌ವೇ ಮೇಲೆ ಬಾಂಬ್ ಹಾಕಿದವು. ಸಾಂಬ್ರಾದಿಂದ ಎದ್ದ ಹಂಟರ್ ವಿಮಾನಗಳು ಪಣಜಿ ಹತ್ತಿರದ ಬಾಂಬೋಳಿಯ ವೈರ್‌ಲೆಸ್ ಕೇಂದ್ರಕ್ಕೆ ಹೊಡೆದವು. ಜೆಟ್‌ಗೆ ಹತ್ತು ನಿಮಿಷದೊಳಗಿನ ದಾರಿ ಅದು. ಅವತ್ತು ರಾತ್ರಿ ದಾಬೋಲಿಂನಲ್ಲಿದ್ದ ಎರಡು ವಿಮಾನ, ಹಾಳಾದ ರನ್‌ವೇ ಮೇಲಿಂದಲೇ ಕತ್ತಲಲ್ಲಿ ಕರಾಚಿಗೆ ತಪ್ಪಿಸಿಕೊಂಡವು. ಮರುದಿನ ಸಂಜೆ ಪೋರ್ಚುಗೀಸರು ಶರಣಾದರು. 451 ವರ್ಷದ ಆಳ್ವಿಕೆ ಮುಗೀತು.

5️⃣ ನಾವು ಬಿಕಾಂನವರು ದೂರ ಅಂದ್ರೆ ಕಿಲೋಮೀಟರಿಗೆ ಇಷ್ಟು ಅಂತ ಲೆಕ್ಕ ಹಾಕ್ತೀವಿ. ಈ ಎರಡು ನಿಲ್ದಾಣಗಳ ನಡುವಿನ ಕಿಲೋಮೀಟರ್ 1955ರಲ್ಲೂ ಅಷ್ಟೇ, ಇವತ್ತೂ ಅಷ್ಟೇ. ಬದಲಾಗಿದ್ದು ದಾಟಲು ಬಿಡ್ತಾರೋ ಇಲ್ವೋ ಅನ್ನೋದು. ಇವತ್ತು ದೂಧಸಾಗರ ನೋಡ್ತಾ ಕ್ಯಾಸಲ್ ರಾಕ್‌ನಿಂದ ಕುಳೆಂಗೆ ಇಳಿದು ಹೋಗುವಾಗ ನಮ್ಮನ್ನ ಯಾರೂ ತಡೆಯಲ್ಲ. ಆ ಆರು ವರ್ಷ ಅದೇ ಹಳಿ ಇತ್ತು, ಆದರೆ ದಾಟೋ ಹಾಗಿರಲಿಲ್ಲ.

ನಿಮ್ಮ ಅಜ್ಜ-ಅಜ್ಜಿಗೆ ಗೋವಾದಲ್ಲಿ ನೆಂಟರಿದ್ರಾ? ಗಡಿ ಮುಚ್ಚಿದಾಗ ಏನು ಮಾಡಿದ್ರು? ಆ ದಿನ ನೆನಪಿರೋರಿಗೆ ಈಗ ಎಂಬತ್ತರ ಹತ್ತಿರ ವಯಸ್ಸು. ಇವತ್ತೇ ಹೋಗಿ ಕೇಳ್ರಿ, ಕೇಳಿದ್ದನ್ನ ಇಲ್ಲಿ ಕಮೆಂಟಲ್ಲಿ ಬರೀರಿ 👇

#ಜೋಯಿಡಾ #ದಾಂಡೇಲಿ #ಕ್ಯಾಸಲ್‌ರಾಕ್ #ನಮ್ಮಸೀಮೆಇತಿಹಾಸ