ಶಿಕ್ಷಣ ಮಾಧ್ಯಮ ತೀರ್ಪಿನಲ್ಲಿ 14ನೇ ವಿಧಿ: ಒಂದು ಮರುಓದು

ಒಂದರಿಂದ ನಾಲ್ಕನೇ ತರಗತಿವರೆಗೆ ಮಾತೃಭಾಷೆ ಇಲ್ಲವೇ ಕನ್ನಡವೇ ಶಿಕ್ಷಣ ಮಾಧ್ಯಮವೆಂದು 1994ರ ಏಪ್ರಿಲ್ 29ರ ಸರ್ಕಾರಿ ಆದೇಶ ವಿಧಿಸಿತು. ಅನುದಾನರಹಿತ ಶಾಲೆಗಳ ಮಟ್ಟಿಗೆ ಅದು ಸಲ್ಲದೆಂದು ಹೈಕೋರ್ಟಿನ ಪೂರ್ಣಪೀಠ 2008ರಲ್ಲಿ ಹೇಳಿತು. 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೈಕೋರ್ಟಿನ ಆ ತೀರ್ಪನ್ನು ಎತ್ತಿಹಿಡಿಯಿತು. ಇದು ಕನ್ನಡಕ್ಕೆ ಬಿದ್ದ ಪೆಟ್ಟು ಎಂಬುದು ನಮ್ಮಲ್ಲಿ ಬೇರೂರಿದ ಓದು. ನನ್ನ ತಕರಾರು ಈ ಓದಿನ ಬಗ್ಗೆ.

ಮಾತೃಭಾಷೆಯಲ್ಲಿ ಮಗು ಚೆನ್ನಾಗಿ ಕಲಿಯುತ್ತದೆಂಬ ತಜ್ಞರ ಮಾತನ್ನು ಪೀಠ ಅಲ್ಲಗಳೆಯಲಿಲ್ಲ. ಆದರೆ ಮಾಧ್ಯಮದ ಆಯ್ಕೆ 19(1)(ಎ) ವಿಧಿಯ ವಾಕ್ ಸ್ವಾತಂತ್ರ್ಯದೊಳಗೆ ಬರುತ್ತದೆ. ಅದನ್ನು ನಿರ್ಬಂಧಿಸಲು 19(2) ಪಟ್ಟಿಮಾಡುವ ಕಾರಣಗಳಲ್ಲಿ ಮಗುವಿನ ಕಲಿಕೆಯ ಹಿತ ಇಲ್ಲ. ಸರ್ಕಾರದ ಸದುದ್ದೇಶವೂ ಆ ಗೆರೆ ದಾಟುವಂತಿಲ್ಲ. ಈ ತರ್ಕ ಗಟ್ಟಿಯಾಗಿದೆ ಎಂದೇ ನನ್ನ ನಂಬಿಕೆ.

ಗಮನಿಸಬೇಕಾದದ್ದು ಮೂರನೇ ಪ್ರಶ್ನೆಯನ್ನು. ಮಾತೃಭಾಷೆಯ ಹೇರಿಕೆ 14, 19, 29, 30ನೇ ವಿಧಿಗಳನ್ನು ಬಾಧಿಸುತ್ತದೆಯೇ ಎಂಬುದು ಪೀಠದ ಮುಂದಿದ್ದ ಪ್ರಶ್ನೆ. ಉತ್ತರದಲ್ಲಿ ಉಳಿದದ್ದು 19, 29, 30 ಮಾತ್ರ. ಸಮಾನತೆಯ ವಿಧಿ ಕೈಬಿಟ್ಟುಹೋಗಿದೆ. ಸಂತೇಬೆನ್ನೂರಿನ ಅಡಿಕೆ ತೋಟದ ಕೂಲಿಯ ಮಗುವಿಗೂ ಶುಲ್ಕ ಕಟ್ಟಿ ದಾವಣಗೆರೆಯ ಶಾಲೆಗೆ ಹೋಗುವ ಮಗುವಿಗೂ ಈ ಆಯ್ಕೆಯ ಹಕ್ಕು ಒಂದೇ ತೂಕದ್ದೇ? ಈ ಪ್ರಶ್ನೆ ತೀರ್ಮಾನವಾಗಿಲ್ಲ, ಹಾಗಾಗಿ ಇನ್ನೂ ಜೀವಂತವಾಗಿದೆ ಎಂಬುದು ನನ್ನ ವಾದ.

ಇದನ್ನು ಎಚ್ಚರದಿಂದಲೇ ಹೇಳಬೇಕು. ಮೌನ ತೀರ್ಪಲ್ಲ. 19ರಲ್ಲೇ ಉತ್ತರ ಸಿಕ್ಕಿದ ಮೇಲೆ 14 ಅನಗತ್ಯವೆಂದು ಪೀಠ ಭಾವಿಸಿರಬಹುದು. ಅಲ್ಲದೆ 14ನೇ ವಿಧಿ ಪ್ರಭುತ್ವವನ್ನು ಕಟ್ಟಿಹಾಕುತ್ತದೆ, ಖಾಸಗಿ ಶಾಲೆಯನ್ನಲ್ಲ. ಆದ್ದರಿಂದ ಈ ಮೌನದ ಬಲದಿಂದ ಹೇರಿಕೆಯನ್ನು ಮರಳಿ ತರಲಾಗದು, ತರಲೂಬಾರದು. ಆದರೆ ಸರ್ಕಾರ ತಾನೇ ನಡೆಸುವ ಶಾಲೆಯ ಗುಣಮಟ್ಟಕ್ಕೆ ತಾನೇ ಉತ್ತರಿಸಬೇಕು. ಕನ್ನಡದ ಹೋರಾಟ ಇಲ್ಲಿ ನೆಲೆಯೂರಬಹುದಿತ್ತು.

ಆಂಧ್ರದ ಉದಾಹರಣೆ ಇದಕ್ಕೆ ಪೂರಕ. ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮವನ್ನೇ ಕಡ್ಡಾಯಮಾಡಿದ 2019ರ ಆದೇಶಗಳನ್ನು ಅಲ್ಲಿನ ಹೈಕೋರ್ಟ್ 2020ರ ಏಪ್ರಿಲ್ 15ರಂದು ರದ್ದುಮಾಡಿತು. ಕನ್ನಡವನ್ನು ಸೋಲಿಸಿತೆಂದು ನಾವು ಬಗೆದ ಆಯ್ಕೆಯ ಹಕ್ಕು ಅಲ್ಲಿ ತೆಲುಗನ್ನು ಕಾಯಿತು. ನಮ್ಮಲ್ಲಿಯೂ 2019-20ರಿಂದ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗ ತೆರೆಯುವ ನಿರ್ಧಾರವಾಯಿತು. ಜೊತೆಯ ಕನ್ನಡ ವಿಭಾಗ ಸೊರಗಿದರೆ ಪಾಲಕರು ಹಿಡಿಯಬೇಕಾದದ್ದೂ ಇದೇ ಹಕ್ಕನ್ನು.

ಮಾಧ್ಯಮವು ಕಾರ್ಯಸಾಧ್ಯವಾದಷ್ಟು ಮಟ್ಟಿಗೆ ಮಾತೃಭಾಷೆಯಾಗಿರಬೇಕು ಎನ್ನುವ 2009ರ ಶಿಕ್ಷಣ ಹಕ್ಕು ಕಾಯ್ದೆಯ 29(2)(ಎಫ್) ಕಲಮನ್ನು 14 ಮತ್ತು 21ಎ ವಿಧಿಗಳೊಂದಿಗೆ ಸೇರಿಸಿ ಓದಿದರೆ, ಒಳ್ಳೆಯ ಕನ್ನಡ ಶಾಲೆ ಬೇಕೆಂದು ಮಗು ಸರ್ಕಾರವನ್ನು ಕೇಳುವ ಹಕ್ಕು ಹುಟ್ಟುತ್ತದೆಯೇ? ಹುಟ್ಟುತ್ತದೆಂದು ನನಗನ್ನಿಸುತ್ತದೆ. ಆದರೆ ಅದನ್ನು ಸಾಧಿಸಲು 2014ರ ತೀರ್ಪೊಂದೇ ಸಾಲದು.