ಅದಿರು ಮತ್ತು ಅಧಿಕಾರ

ಬಳ್ಳಾರಿಯ ಗಾಂಧಿನಗರ ಯಾವ ಮಹಾತ್ಮರ ಹೆಸರನ್ನು ಹೊತ್ತಿದೆಯೋ ಅವರು 1934ರಲ್ಲಿ ಈ ಸೀಮೆಯ ಒಂದು ಪುಟ್ಟ ಸಂಸ್ಥಾನಕ್ಕೆ ಬಂದಿದ್ದರು. ಅದು ಸಂಡೂರು. ಅಸ್ಪೃಶ್ಯರೆನಿಸಿದ್ದವರಿಗೆ ದೇವಾಲಯದ ಬಾಗಿಲನ್ನು 1932ರಲ್ಲಿಯೇ ತೆರೆಸಿದ ದೊರೆ ಯಶವಂತರಾವ್ ಘೋರ್ಪಡೆಯವರು ಆಗ ಅಲ್ಲಿ ಆಳುತ್ತಿದ್ದರು. 1949ರಲ್ಲಿ ಸಂಸ್ಥಾನ ಮದರಾಸು ಪ್ರಾಂತದಲ್ಲಿ ಲೀನವಾಯಿತು. 1953ರಲ್ಲಿ ಬಳ್ಳಾರಿಯೊಡನೆ ಮೈಸೂರಿಗೆ ಸೇರಿತು.

ರಾಜ್ಯ ಹೋದ ಮೇಲೆ ರಾಜಪುತ್ರನು ಮಾಡುವುದೇನು? 1931ರಲ್ಲಿ ಹುಟ್ಟಿ, ಕೇಂಬ್ರಿಜ್ಜಿನಲ್ಲಿ ಅರ್ಥಶಾಸ್ತ್ರ ಓದಿ ಬಂದ ಮುರಾರಿರಾವ್ ಯಶವಂತರಾವ್ ಘೋರ್ಪಡೆಯವರು ಎರಡು ದಾರಿ ಹಿಡಿದರು. ಒಂದು ಉದ್ಯಮ, ಇನ್ನೊಂದು ಶಾಸನಸಭೆ. ಹಿಂದೆ ಪ್ರಜೆಗಳಾಗಿದ್ದವರ ಮುಂದೆ ಈಗ ಮತ ಕೇಳಿ ನಿಂತರು. ಸಂಡೂರಿನ ಜನ ಅವರನ್ನು ಹಲವು ಬಾರಿ ಆರಿಸಿ ಕಳುಹಿಸಿದರು.

ಸಂಡೂರಿನ ಬೆಟ್ಟಗಳಲ್ಲಿ ಕಬ್ಬಿಣವೂ ಇದೆ, ಮ್ಯಾಂಗನೀಸೂ ಇದೆ. ಉಕ್ಕಿಗೆ ಗಡಸುತನ ಬರುವುದು, ಅದರೊಳಗಿನ ಗಂಧಕದ ಕೆಡುಕು ತಗ್ಗುವುದು ಮ್ಯಾಂಗನೀಸಿನಿಂದ. ಮೊದಲು ವಿದೇಶೀ ಕಂಪೆನಿಯೊಂದು ಇಲ್ಲಿ ಅದಿರನ್ನು ತೆಗೆಯುತ್ತಿತ್ತು. 1954ರಲ್ಲಿ ಸಂಡೂರು ಮ್ಯಾಂಗನೀಸ್ ಮತ್ತು ಕಬ್ಬಿಣದ ಅದಿರು ಕಂಪೆನಿ ಸ್ಥಾಪನೆಯಾಯಿತು. ಆದರೆ ಅಗೆದುದನ್ನು ಅಗೆದಂತೆಯೇ ಮಾರಿದರೆ ಊರಿಗೆ ಉಳಿಯುವುದು ಹಳ್ಳ ಮತ್ತು ಕೂಲಿ, ಅಷ್ಟೆ. ಆದುದರಿಂದ ಹೊಸಪೇಟೆಯ ಹತ್ತಿರ ವ್ಯಾಸನಕೆರೆಯಲ್ಲಿ ವಿದ್ಯುತ್ ಕುಲುಮೆಗಳು ಎದ್ದವು. ಅದಿರು ಮತ್ತು ಕೋಕ್ ಕಲ್ಲಿದ್ದಲಿನ ರಾಶಿಯೊಳಗೆ ಇಂಗಾಲದ ದಪ್ಪ ಕಂಬಗಳನ್ನು ಇಳಿಸಿ ವಿದ್ಯುತ್ ಹರಿಸಿದರೆ ಅದಿರು ಕರಗಿ ಲೋಹ ಬೇರೆಯಾಗುತ್ತದೆ. ಒಂದು ಟನ್ ಫೆರೋಮ್ಯಾಂಗನೀಸಿಗೆ ಮೂರು ಸಾವಿರ ಯೂನಿಟ್ಟಿನ ಆಸುಪಾಸು ವಿದ್ಯುತ್ ಬೇಕು. ವಿದ್ಯುತ್ತಿನ ದರ ಏರಿದರೆ ಕುಲುಮೆ ತಣ್ಣಗಾಗುವುದೆಂಬ ಭಯ ಈ ಉದ್ಯಮಕ್ಕೆ ಹುಟ್ಟಿನೊಡನೆ ಬಂದದ್ದು. ಅದಿರನ್ನೇ ಹೊತ್ತು ಮಾರುವವನಿಗೆ ಆ ಭಯವಿಲ್ಲ.

ಘೋರ್ಪಡೆಯವರು 1972ರಿಂದ 1977ರವರೆಗೆ ದೇವರಾಜ ಅರಸರ ಸರ್ಕಾರದಲ್ಲಿ ಹಣಕಾಸಿನ ಮಂತ್ರಿಗಳಾಗಿದ್ದರು. ಉಳುವವನಿಗೆ ಭೂಮಿ ಕೊಡುವ 1974ರ ಶಾಸನ ಜಾರಿಗೆ ಬಂದಾಗ ರಾಜ್ಯದ ಬೊಕ್ಕಸದ ಕೀಲಿ ಒಬ್ಬ ದೊರೆಯ ಮಗನ ಕೈಯಲ್ಲಿತ್ತು! ಮುಂದೆ ಗ್ರಾಮೀಣಾಭಿವೃದ್ಧಿಯ ಮಂತ್ರಿಗಳಾಗಿ 1993ರ ಪಂಚಾಯತ್ ರಾಜ್ ಶಾಸನಕ್ಕೆ ದುಡಿದರು. ಅರಮನೆಯಲ್ಲಿ ಹುಟ್ಟಿದವರು ಗ್ರಾಮಸಭೆಗೆ ಅಧಿಕಾರ ಹಂಚುವ ಕೆಲಸ ಮಾಡಿದರೆಂಬುದು ಚರಿತ್ರೆಯ ಒಂದು ವಿನೋದ.

ಆದರೂ ಒಂದು ಪ್ರಶ್ನೆಯನ್ನು ಬಿಡುವಂತಿಲ್ಲ. ಗಣಿಯ ಒಡೆತನವೂ ಶಾಸನಸಭೆಯ ಪೀಠವೂ ಒಂದೇ ಮನೆಯಲ್ಲಿರುವುದು ಒಳ್ಳೆಯದೇ? ಮನುಷ್ಯನು ಸಜ್ಜನನೆಂಬುದು ಇದಕ್ಕೆ ಪೂರ್ತಿ ಉತ್ತರವಲ್ಲ. ಸಜ್ಜನಿಕೆ ಒಬ್ಬನೊಡನೆ ಬಂದು ಒಬ್ಬನೊಡನೆ ಹೋಗುವುದು. ಕಟ್ಟುಪಾಡು ಮಾತ್ರ ಉಳಿಯುವುದು. ಆ ಕಟ್ಟುಪಾಡು ಎಷ್ಟು ಸಡಿಲವಾಗಿತ್ತೆಂಬುದಕ್ಕೆ ಒಂದು ಲೆಕ್ಕ ಸಾಕು. 2009ರ ಆಗಸ್ಟಿನವರೆಗೆ ಟನ್ ಕಬ್ಬಿಣದ ಅದಿರಿಗೆ ಸರ್ಕಾರಕ್ಕೆ ಸಲ್ಲುತ್ತಿದ್ದ ರಾಜಧನ ಹೆಚ್ಚೆಂದರೆ 27 ರೂಪಾಯಿ. ಚೀನಾದ ಬೇಡಿಕೆಯಿಂದ ಅದೇ ಟನ್ನು ಸಾವಿರಾರು ರೂಪಾಯಿಗೆ ಮಾರಾಟವಾಗುತ್ತಿತ್ತು. ನಡುವಿನ ಹಣ ಚುನಾವಣೆಯ ಕಣಕ್ಕೂ ಇಳಿದುದನ್ನು ಬಳ್ಳಾರಿಯ ಜನ ಕಣ್ಣಾರೆ ಕಂಡರು.

2011ರ ಜುಲೈಯಲ್ಲಿ ಲೋಕಾಯುಕ್ತ ಸಂತೋಷ್ ಹೆಗ್ಡೆಯವರು ಅಕ್ರಮ ಗಣಿಗಾರಿಕೆಯ ವರದಿ ಒಪ್ಪಿಸಿದರು; ಆ ತಿಂಗಳೇ ಸರ್ವೋಚ್ಚ ನ್ಯಾಯಾಲಯ ಬಳ್ಳಾರಿಯಲ್ಲಿ ಗಣಿಗಾರಿಕೆಯನ್ನು ತಡೆಯಿತು. ಅಕ್ಟೋಬರಿನಲ್ಲಿ ಘೋರ್ಪಡೆಯವರು ತೀರಿಕೊಂಡರು. ಅದಿರಿನೊಡನೆ ಬಂದ ಅಧಿಕಾರವನ್ನು ಗ್ರಾಮಪಂಚಾಯತಿಯವರೆಗೆ ಹಂಚಲು ದುಡಿದವರು, ಅದಿರೇ ಅಧಿಕಾರವಾದ ಕಾಲವನ್ನು ಕಂಡು ಹೋದರು. ಗಾಂಧಿಯ ಹೆಸರಿನ ಬಡಾವಣೆಯಲ್ಲಿ ವಾಸವಾಗಿರುವ ನಾವು ಈ ಎರಡು ಕಾಲಗಳ ಅಂತರವನ್ನು ನೆನಪಿಡಬೇಕು.